ಪೂರ್ತಿ ಅಂಕ ಪಡೆದ ಅಜ್ಜಿ

ಒಂದೇ ಅಜ್ಜಿಯ ಎರಡು ಉತ್ತರಪತ್ರಿಕೆಗಳು ಮೇಜಿನ ಮೇಲಿದ್ದವು. ನಾನು ಬರೆದುಕೊಂಡು ಬಂದದ್ದರಲ್ಲಿ ಪೂರ್ತಿ ಅಂಕ. ಮೂರು ವಾರದ ನಂತರ ಅವಳು ಬರೆದುಕೊಂಡು ಬಂದದ್ದರಲ್ಲಿ ಅರ್ಧಕ್ಕೂ ಕಡಿಮೆ. ಅವಳು ಎಂದರೆ ನನ್ನ ಸಹೋದ್ಯೋಗಿ. ಮೈಸೂರಿನ ಮುಸ್ಲಿಂ ಮನೆತನದ ಹುಡುಗಿ, ನನಗಿಂತ ಒಂದು ವರ್ಷ ಚಿಕ್ಕವಳು. ಕೆಲಸಕ್ಕೆ ಸೇರಿದ ದಿನದಿಂದ ನನ್ನ ಹೊಟ್ಟೆಕಿಚ್ಚಿಗೆ ಸೌದೆ ಒದಗಿಸುತ್ತಿದ್ದವಳು.

ನಮ್ಮ ಕೆಲಸ ಎಣಿಸುವುದು. ಸಿಯಾಟಲ್ ಸುತ್ತಮುತ್ತ ಇರುವ ಬೇರೆ ಬೇರೆ ಜನಾಂಗಗಳ ಹಿರಿಯರಲ್ಲಿ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಎಷ್ಟು ಜನರಿಗಿದೆ ಎಂದು ಮನೆಮನೆಗೆ ಹೋಗಿ, ನೆನಪಿನ ಪ್ರಶ್ನೆಗಳನ್ನು ಕೇಳಿ, ಅಂಕ ಹಾಕಿ ನೋಡುವ ಅಧ್ಯಯನವದು. ಚೀನೀಯರ ಮನೆಗೆ ಚೀನೀ ಭಾಷೆ ಬಲ್ಲವರು, ಸೊಮಾಲಿಗಳ ಮನೆಗೆ ಸೊಮಾಲಿ ಬಲ್ಲವರು, ಕನ್ನಡದವರ ಮನೆಗೆ ನಾನು. ಅವಳಿಗೆ ಉರ್ದು ಮನೆಗಳು. ಸಾಲದ್ದಕ್ಕೆ, ನಾನು ಸರಿಯಾಗಿ ಕೇಳಿದ್ದೇನೆಯೇ ಎಂದು ಪರೀಕ್ಷಿಸಲು ಕೆಲವು ಕನ್ನಡದ ಮನೆಗಳಿಗೆ ಎರಡನೆಯ ಸಲ ಹೋಗುವ ಅಧಿಕಾರವೂ ಇತ್ತು.

ನನ್ನದು ಅಣಕಿಸುವ ಬಾಯಿ. ನಮ್ಮ ಮುಖ್ಯಸ್ಥೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವುದನ್ನು, ಯಾರೂ ಹಾರ್ನ್ ಒತ್ತದ ಈ ಊರಿನಲ್ಲಿ ನಮ್ಮಪ್ಪ ಕಾರಿನೊಳಗೆ ಕೂತು ಬಾಯಲ್ಲೇ ಹಾರ್ನ್ ಹೊಡೆಯುವುದನ್ನು ಮಾಡಿ ತೋರಿಸಿದರೆ ಆಫೀಸೇ ನಗುತ್ತದೆ. ನನ್ನನ್ನೂ ಬಿಟ್ಟವನಲ್ಲ, ಬಿಳಿಯರು ಎದುರಿಗೆ ಬಂದ ಕೂಡಲೇ ನನ್ನ ಇಂಗ್ಲಿಷ್ ಹೇಗೆ ಸೂಟು ಹಾಕಿಕೊಳ್ಳುತ್ತದೆ ಎಂಬುದು ನನ್ನ ಅತ್ಯುತ್ತಮ ಐಟಂ. ಹೋದ ಮನೆಗಳಲ್ಲೂ ಹಿರಿಯರು ನಕ್ಕು ನನಗೆ ಚಕ್ಕುಲಿ ಕೊಡುತ್ತಿದ್ದರು. ಅವಳಿಗೆ ಮಾತ್ರ ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳುತ್ತಿದ್ದರು. ಚಕ್ಕುಲಿ ತಿನ್ನುತ್ತಲೇ ನಾನು ಉರಿದುಕೊಳ್ಳುತ್ತಿದ್ದೆ.

"ನೀನು ಹೋದ ಮನೆಗಳಲ್ಲಿ ಯಾರೂ ಏನನ್ನೂ ಮರೆಯುವುದಿಲ್ಲ. ನಿಮ್ಮವರಲ್ಲಿ ಕಾಯಿಲೆ ಇಲ್ಲವೋ, ನಿನಗೆ ಕಾಣುತ್ತಿಲ್ಲವೋ?" ಎಂದು ಮುಖ್ಯಸ್ಥೆ ಎರಡೂ ಪತ್ರಿಕೆಗಳನ್ನು ಮುಂದಿಟ್ಟು ಕೇಳಿದರು.

ಜೋಳದ ರೊಟ್ಟಿಯ ಮಹಿಮೆ ಇರಬೇಕು ಎಂದೆ. ಅವರು ನಗಲಿಲ್ಲ. ಇಬ್ಬರೂ ಆ ಮನೆಗೆ ಹೋಗಿ, ಅವಳು ಕೇಳಲಿ, ನೀನು ಸುಮ್ಮನೆ ಕೂತು ನೋಡು ಎಂದರು.

ಆಫೀಸಿರುವ ಲಿನ್‌ವುಡ್‌ನಿಂದ ಅಜ್ಜಿಯ ಮನೆಯಿರುವ ಮುಕಿಲ್ಟಿಯೊಗೆ ನಾನೇ ಡ್ರೈವ್ ಮಾಡಿದೆ. "ನೀನು ಹೆದರ್ಸಿರ್ತೀಯ," ಎಂದೆ. "ಮೈಸೂರು ಕನ್ನಡ ಕೇಳಿ ಧಾರವಾಡದ ಅಜ್ಜಿ ಗಾಬರಿ ಆಗಿರ್ತಾರೆ."

"ಇರ್ಬಹುದು," ಎಂದಳು. ಜಗಳಕ್ಕೂ ಸಿಗದವಳನ್ನು ಏನು ಮಾಡುವುದು?

ಬಾಗಿಲು ತೆರೆದವರು ಅಜ್ಜಿಯ ಮಗ, ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್. "ಬರ್ರಿ, ಬರ್ರಿ. ಅವ್ವಾ, ನಿನ್ನ ನಗಸೋ ಹುಡುಗ ಬಂದಾನ ನೋಡು."

ಹೋದ ಸಲ ನಾನು ಬಂದಾಗ ಈ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು. ಈಗ ನನ್ನನ್ನು ನೋಡಿ ಮರ್ಯಾದೆಯ ಒಂದು ನಗು ನಕ್ಕು, "ಆರಾಮ ಇದ್ದೀ ಏನಪಾ? ಯಾರ ಪೈಕಿ ನೀನು?" ಎಂದರು. ಅವಳ ಗುರುತೂ ಅವರಿಗೆ ಹತ್ತಲಿಲ್ಲ. ಆದರೂ, "ಬಾ ಯವ್ವಾ, ಇಲ್ಲೇ ಕೂಡು," ಎಂದು ಸೋಫಾದಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟದ್ದು ಅವಳಿಗೆ. ನಾನು ಊಟದ ಮೇಜಿನ ಕುರ್ಚಿ ಎಳೆದುಕೊಂಡೆ.

ಅವಳು ಮೊದಲು ಮಾಡಿದ ಕೆಲಸ, ಮಗನನ್ನೂ ಸೊಸೆಯನ್ನೂ ಅಡುಗೆಮನೆಗೆ ಕಳಿಸಿದ್ದು. ನನಗೆ ಅದು ಹೊಳೆದೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರನ್ನು ಏನಾದರೂ ಕೇಳಿದರೆ ಉತ್ತರ ಕೊಡುವುದು ಮನೆಮಂದಿ. ಬಂದವರ ಎದುರು ದೊಡ್ಡವರು ತಡವರಿಸುವಂತೆ ಬಿಡಬಾರದು, ಅಷ್ಟೆ. ಹೋದ ಸಲ ನಾನು ಕೇಳಿದಾಗ ಇಸವಿ ಹೇಳಿದ್ದು ಮಗ. "ಇವತ್ತ ಗುರುವಾರ ಅಲ್ಲೇನ್ರಿ ಅತ್ತಿ," ಎಂದು ವಾರ ಹೇಳಿದ್ದು ಸೊಸೆ. ಇನ್ನು ನನ್ನ ಪಾಲು. ಕೊಡೆ, ಬಾಳೆಹಣ್ಣು, ಗಡಿಯಾರ ಎಂದು ಮೂರು ಹೆಸರು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿವೆಯೇ ಎಂದು ಕೇಳಬೇಕು. ಅಜ್ಜಿ ತಡೆದಾಗ ನನ್ನ ಕೈ ತಾನಾಗಿಯೇ ಬಾಳೆಹಣ್ಣು ಸುಲಿದಿತ್ತು, ಕೊಡೆ ಬಿಚ್ಚಿತ್ತು. ಅದನ್ನು ನಾನು ಹುರುಪು ತುಂಬುವುದು ಎಂದುಕೊಂಡಿದ್ದೆ.

ಈ ಸಲ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

"ಅಜ್ಜಿ, ಆಗ್ಲೇ ಮೂರು ಹೆಸರು ಹೇಳಿದ್ನಲ್ಲ, ಯಾವ್ದು ನೆನಪಿದೆ ಹೇಳಿ. ಇಲ್ಲ ಅಂದ್ರೂ ಏನೂ ತೊಂದ್ರೆ ಇಲ್ಲ," ಎಂದಳು. ಆಮೇಲೆ ಕಾದಳು. ಅಷ್ಟು ಹೊತ್ತು ನನಗೆ ಸಿಕ್ಕಿದ್ದರೆ ಮೂರು ಜೋಕು ಹೇಳಿ ಮುಗಿಸುತ್ತಿದ್ದೆ. ಅಜ್ಜಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿಂದ ಏನೂ ಬರಲಿಲ್ಲ.

"ಒಂದೂ ನೆಪ್ಪಿಗೆ ಬರವಲ್ದು ಯವ್ವಾ," ಎಂದರು ಮೆಲ್ಲಗೆ. "ಭಾಳ ದಿನಾ ಆತು ಹಿಂಗ. ಮಗಾ ಏನರೆ ಕೇಳಿದ್ರ ನಕ್ಕೋತ ಹೂಂ ಅಂತೀನಿ. ಮನ್ನೆ ಒಲಿ ಮ್ಯಾಲೆ ಹಾಲಿಟ್ಟು ಮರ್ತೆ, ಪಾತ್ರಿ ಹೊತ್ತಿಹೋತು. ಸೊಸಿಗೆ ಗೊತ್ತಾಗಬಾರ್ದಂತ ಮುಚ್ಚಿಟ್ಟೆ. ಈಗ ಎಲ್ಲಿಟ್ಟೆ ಅನ್ನೋದ ಗೊತ್ತಿಲ್ಲ."

"ಪಾತ್ರೆ ಹೋದ್ರೆ ಹೋಗ್ಲಿ ಬಿಡಿ ಅಜ್ಜಿ. ನಿಮ್ ಕೈ ಸುಡ್ಲಿಲ್ಲ ತಾನೆ?"

ನಮ್ಮ ಮನೆಯವರೂ ಧಾರವಾಡ ಕಡೆಯವರು. ಅಜ್ಜಿಯ ಮಾತು ನನ್ನ ಮಾತು. ಈ ಗುಟ್ಟು ನನಗೆ ಸಿಗಬೇಕಿತ್ತು ಎಂದು ಒಂದು ಕ್ಷಣ ನಿಜವಾಗಿ ಅನ್ನಿಸಿತು, ಯಾರೋ ನನ್ನ ತಟ್ಟೆಯಿಂದ ಹೋಳಿಗೆ ಎತ್ತಿಕೊಂಡ ಹಾಗೆ. ಅಜ್ಜಿಯ ಬಗ್ಗೆ ಕನಿಕರ ಬಂದದ್ದು ಆಮೇಲೆ.

ಎದ್ದು ಅಡುಗೆಮನೆಗೆ ಹೋದೆ. ಮಗ ಚಹಾ ಸೋಸುತ್ತಿದ್ದರು. "ಈ ಸರ್ತೀನೂ ಫುಲ್ ಮಾರ್ಕ್ಸ್ ಏನು? ಅವತ್ತ ನೀ ಹೇಳಿ ಹೋದ ಮ್ಯಾಲೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿಬಿಟ್ವಿ ನೋಡು. ಸುಮ್ನ ಹೆದರಿದ್ವಿ."

ಅಂಕ ಹೇಳುವುದೇ ನಿಯಮಕ್ಕೆ ವಿರುದ್ಧ. ನಾನು ಅವತ್ತು ಹೊರಡುವಾಗ ಬಾಗಿಲಲ್ಲಿ ನಿಂತು, ರಿಸಲ್ಟ್ ಓದುವ ಹೆಡ್‌ಮಾಸ್ತರರ ದನಿಯಲ್ಲಿ ಘೋಷಿಸಿ ಹೋಗಿದ್ದೆ. ಈಗ ಅವಳು ನನ್ನ ಹಿಂದೆಯೇ ಬಂದು ನಿಂತಿದ್ದಳು. ಇನ್ನೊಂದು ಕ್ಷಣ ತಡೆದರೆ ಅವಳೇ ಹೇಳುತ್ತಾಳೆ, ಮತ್ತು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಇದನ್ನೂ ಅವಳಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

"ಅಣ್ಣಾರ, ಆ ಮಾರ್ಕ್ಸ್ ಅಜ್ಜೀದು ಅಲ್ರಿ," ಎಂದೆ. "ಅರ್ಧ ನೀವ್ ಹೇಳಿಕೊಟ್ರಿ, ಅರ್ಧ ನಾ ಕೈಸನ್ನಿ ಮಾಡಿದೆ. ತಪ್ಪು ನಂದು. ಅಪಾಯಿಂಟ್‌ಮೆಂಟ್ ಮತ್ತ ತಗೋರಿ."

ಅವರು ಸೋಸುವುದನ್ನು ನಿಲ್ಲಿಸಿದರು. ಸೊಸೆ ಫೋನ್ ಎತ್ತಿಕೊಂಡು ಆಸ್ಪತ್ರೆಯ ನಂಬರ್ ಹುಡುಕತೊಡಗಿದರು.

"ಅವ್ವಗ ಏನಂತ ಹೇಳ್ಲಿ?" ಎಂದು ಮಗ ಕೇಳಿದರು. ಕೇಳಿದ್ದು ನನ್ನನ್ನಲ್ಲ, ಅವಳನ್ನು.

"ನೀವೇನೂ ಹೇಳ್ಬೇಡಿ," ಎಂದಳು. "ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ. ಅವರೇ ಹೇಳ್ತಾರೆ."

ಅವರು ಹೋದರು. ಸೊಸೆಯ ಫೋನಿನಲ್ಲಿ ಕಾಯಿಸುವ ಸಂಗೀತ ಸಣ್ಣಗೆ ಬರುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ, ಮಗ ಸೋಫಾದಲ್ಲಿ ಅಜ್ಜಿಯ ಪಕ್ಕ ಕೂತಿದ್ದರು. ಹೋಗಿ ಏನಾದರೂ ಹೇಳಿ ನಗಿಸೋಣ ಎಂದು ಎರಡು ಸಲ ಕಾಲು ಎತ್ತಿದೆ, ಎರಡು ಸಲವೂ ಅವಳು ನನ್ನ ಅಂಗಿಯ ತೋಳು ಹಿಡಿದಳು. ಕೊನೆಗೆ ಅಜ್ಜಿಯ ದನಿ ಕೇಳಿಸಿತು: "ಸಿಟ್ಟಾಗಬ್ಯಾಡಪಾ, ಒಂದ್ ಮಾತು ಹೇಳ್ತೀನಿ."