ಗ್ಯಾರೇಜಿನಲ್ಲಿ ಅಳೆದ ಎತ್ತರ

ನನ್ನ ಗಂಡ ಧಾರವಾಡದ ಕಡೆಯವರು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ನಾನೂ ಗಿಡ್ಡಿಯೇನಲ್ಲ. ಹಾಗಾಗಿ ರೆಡೊಂಡೊ ಬೀಚ್‌ನ ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುತ್ತಿದ್ದ ಮಗಳು ನಮ್ಮಿಬ್ಬರನ್ನೂ ಮೀರಿಸುತ್ತಾಳೆಂದು ಅವರು ನಂಬಿಬಿಟ್ಟಿದ್ದರು. ಅವಳ ಬೆಳವಣಿಗೆ ನನ್ನ ಕಿವಿಯ ಹತ್ತಿರ ಬಂದು ನಿಂತು ಬಹಳ ಕಾಲವಾಗಿತ್ತು. ಆದರೂ ಹಾಲಿನ ಲೋಟ ಹಿಡಿದು ಅವಳ ಬೆನ್ನು ಹತ್ತುವುದನ್ನು ಇವರು ಬಿಟ್ಟಿರಲಿಲ್ಲ.

೨೦೦೬ರ ದೀಪಾವಳಿಗೆ ಸ್ಯಾನ್ ಡಿಯಾಗೋದ ಸ್ನೇಹಿತೆಯ ಮನೆಗೆ ಊಟಕ್ಕೆ ಹೋದೆವು. ಅವಳ ತಂದೆ ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸಿ ನಿವೃತ್ತರಾದವರು. ನನ್ನ ಗಂಡ ಅಲ್ಲೂ ಮಗಳ ಎತ್ತರದ ಭವಿಷ್ಯ ಹೇಳತೊಡಗಿದಾಗ ಅವರು ಹೋಳಿಗೆ ಮುರಿಯುತ್ತಾ ನಕ್ಕರು.

"ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬ ಇಂಗ್ಲಿಷಿನವನಿಗೂ ಇದೇ ಹುಚ್ಚು ಹಿಡಿದಿತ್ತು. ಮೊದಲು ಬಟಾಣಿ ಜಾತಿಯ ಹೂಗಿಡದ ಬೀಜ ಅಳೆದ, ಆಮೇಲೆ ಅಪ್ಪ, ಅಮ್ಮ, ಮಕ್ಕಳನ್ನೇ ಅಳೆದ. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದ್ರೆ ಸಾಮಾನ್ಯವಾಗಿ ಅಷ್ಟಿರಲ್ಲ. ಸರಾಸರಿ ಕಡೆಗೆ ವಾಪಸ್ ಬರ್ತಾರೆ. ಅದಕ್ಕೇ ರಿಗ್ರೆಶನ್ ಅಂದ. ಮೀಡಿಯಾಕ್ರಿಟಿ, ಅಂದ್ರೆ ಸಾಧಾರಣತನದ ಕಡೆಗೆ ಅಂತಾನೂ ಸೇರಿಸಿದ್ದ."

"ಹಂಗಂದ್ರ ನನ್ನ ಮಗಳು ಮೀಡಿಯಾಕರ್ ಏನ್ರೀ ಅಂಕಲ್?" ಎಂದರು ನನ್ನ ಗಂಡ.

"ಅಯ್ಯೋ, ಕೋಪ ಬೇಡಪ್ಪ. ಬನ್ನಿ, ಅಳೆದೇ ನೋಡೋಣ."

ಊಟವಾದ ಮೇಲೆ, ಹಬ್ಬಕ್ಕೆ ಬಂದಿದ್ದವರಲ್ಲಿ ಮಕ್ಕಳು ಬೆಳೆದು ನಿಂತಿದ್ದ ಮನೆಯವರೆಲ್ಲ ಗ್ಯಾರೇಜಿನ ಗೋಡೆಗೆ ಒರಗಿ ನಿಂತರು. ಅಂಕಲ್ ಹೈ ಹೀಲ್ಸ್ ಬಿಚ್ಚಿಸಿದರು. ಒಬ್ಬರ ಉಬ್ಬಿಸಿದ ಕೂದಲನ್ನು ಸ್ಕೇಲಿನಿಂದ ಅದುಮಿದರು. ಆ ಇಂಗ್ಲಿಷಿನವನು ಮಾಡಿದಂತೆಯೇ ಹೆಂಗಸರ ಎತ್ತರವನ್ನು ಗಂಡಸರದಕ್ಕೆ ಸರಿದೂಗುವಂತೆ ಒಂದಿಷ್ಟು ಏರಿಸಿ, ಗಂಡಂದಿರ ಎತ್ತರದ ಜೊತೆ ಸರಾಸರಿ ಹಿಡಿದರು. ಅಷ್ಟು ಹೊತ್ತು ನಾನೂ ಭಾರೀ ಆಳಾಗಿದ್ದೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ತಂದೆತಾಯಿ, ಉದ್ದಕ್ಕೆ ಮಕ್ಕಳು. ಚುಕ್ಕಿಗಳು ಚದುರಿದ್ದರೂ ಒಟ್ಟಿನಲ್ಲಿ ಮೇಲಕ್ಕೇ ಸಾಗಿದ್ದವು.

"ಹೀಗೆ ಒಂದರ ಜೊತೆ ಇನ್ನೊಂದು ಸಾಗೋದನ್ನೇ ಆಮೇಲೆ ಕೋರಿಲೇಶನ್ ಅಂತ ಕರೆದ," ಎಂದರು ಅಂಕಲ್. ಅವರು ನಡುವೆ ಎಳೆದ ಗೆರೆ ಮಾತ್ರ ನನ್ನ ಗಂಡನ ಆಸೆಯಷ್ಟು ಕಡಿದಾಗಿರಲಿಲ್ಲ.

"ಸರಿ, ನಿಮ್ಮ ತಂದೆ ಎಷ್ಟು ಎತ್ತರ?"

ನನ್ನ ಗಂಡ ತಡವರಿಸಿದರು. "ನನ್ನ ಹೆಗಲಿಗೆ ಬರ್ತಿದ್ದರ್ರಿ."

"ನೋಡಿದ್ರಾ, ಆ ಕಡೆಯಿಂದ ನೋಡಿದ್ರೂ ಅಷ್ಟೇ. ತುಂಬಾ ಎತ್ತರದವರ ಅಪ್ಪ ಅಮ್ಮನೂ ಸಾಮಾನ್ಯವಾಗಿ ಅಷ್ಟು ಎತ್ತರ ಇರಲ್ಲ."

"ಥ್ಯಾಂಕ್ ಯು, ತಾತ," ಎಂದಳು ಮಗಳು. "ಡ್ಯಾಡ್, ನೋ ಮೋರ್ ಮಿಲ್ಕ್."

ಮುಂದಿನ ಸೀಸನ್‌ನಲ್ಲಿ ಕೋಚ್ ಅವಳನ್ನು ಹಿಂದಿನ ಸಾಲಿಗೆ, ನೆಲಕ್ಕೆ ಬೀಳುವ ಚೆಂಡನ್ನು ಹಾರಿ ಎತ್ತುವ ಜಾಗಕ್ಕೆ ಹಾಕಿದರು. ಮೊಣಕಾಲು ತರಚಿಕೊಂಡು ಖುಷಿಯಾಗಿ ಆಡಿದಳು. ಮೊದಲ ಮ್ಯಾಚಿನಲ್ಲೇ ನನ್ನ ಗಂಡ ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೆ, ಆ ಜಾಗದಲ್ಲಿ ಆಡಲು ಗಿಡ್ಡಗಿರುವುದು ಎಷ್ಟು ಅನುಕೂಲವೆಂದು ಕೈ ಬೀಸಿ ಬೀಸಿ ವಿವರಿಸುತ್ತಿದ್ದರು.