ನೆಮ್ಮದಿ ಕಲಿಸುವ ಕ್ಲಿಪ್ಪು

ನಮ್ಮೂರಿನಲ್ಲಿ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ನೆಮ್ಮದಿಯ ಪಾಠ ಕಲಿತ ಮೊದಲ ಮನುಷ್ಯ ನಾನೇ. ಇವನು ಜಂಬ ಕೊಚ್ಚುತ್ತಿದ್ದಾನೆ ಎಂದು ನಿಮಗೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ಬೆಟ್ಟದಪುರದ ಆಸುಪಾಸಿನಲ್ಲಿ ಮೊದಲು ಟ್ರ್ಯಾಕ್ಟರ್ ತಂದವರಿದ್ದಾರೆ, ಮೊದಲು ಬೋರ್‌ವೆಲ್ ಕೊರೆಸಿದವರಿದ್ದಾರೆ. ಅವರ ಮೊಮ್ಮಕ್ಕಳು ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. ನಾನೊಬ್ಬ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು?

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಆದರೆ ನನಗೆ ಹೆಸರು ತಂದದ್ದು ಗಣಿತವಲ್ಲ, ನಮ್ಮ ಹೊಲದಲ್ಲಿ ಬೆಳೆಯುವ ಹೊಗೆಸೊಪ್ಪು. ಬೇಯಿಸಿ ತೆಗೆದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಬೇಕು. ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಇನ್ನೊಂದು ಕಡೆ, ಇವೆರಡರ ನಡುವೆ ಮೂರು ನಾಲ್ಕು ಬಣ್ಣಗಳು. ಆ ಕೆಲಸದಲ್ಲಿ ನನ್ನ ಕಣ್ಣೆಂದರೆ ಕಣ್ಣು. ಅಂಥ ಕಣ್ಣಿಗೆ ಪೊರೆ ಬಂತು. ನಿಂಬೆ, ಕಿತ್ತಳೆ ಎಲ್ಲ ಒಂದೇ ಆಯಿತು. ನಾನು ಊಟಕ್ಕೆ ಎದ್ದಾಗ ನನ್ನ ಹೆಂಡತಿ ಜಯಮ್ಮ ನಾನು ಮಾಡಿದ ರಾಶಿಯನ್ನು ಸದ್ದಿಲ್ಲದೆ ಮತ್ತೆ ವಿಂಗಡಿಸಿ ಇಡುತ್ತಿದ್ದಳು. ಅದನ್ನು ಕಂಡ ದಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಆಪರೇಷನ್ ಮಾಡಿಸೋಣವೆಂದು ಮೈಸೂರಿಗೆ ಎರಡು ಸಲ ಹೋದೆ, ಎರಡು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂದೆ. ಮನೆಯಲ್ಲಿ ಮಾತ್ರೆ ನುಂಗಿಕೊಂಡು ಸಾಧುವಾಗಿರುವ ನನ್ನ ಬಿ.ಪಿ., ಆಸ್ಪತ್ರೆಯ ಹಸಿರು ಗೌನು ಕಂಡ ತಕ್ಷಣ ಹಗ್ಗ ಕಿತ್ತ ಹೋರಿಯ ಹಾಗೆ ನೆಗೆಯುತ್ತಿತ್ತು. "ಇಷ್ಟಿದ್ದರೆ ಕಣ್ಣಿಗೆ ಕೈ ಹಾಕೋಕಾಗಲ್ಲ ಮೇಷ್ಟ್ರೇ. ನೆಮ್ಮದಿಯಾಗಿ ಬನ್ನಿ" ಎಂದರು ಡಾಕ್ಟರು. ನೆಮ್ಮದಿಯಾಗಿ ಬನ್ನಿ! ಬರುವಾಗ ಎಕ್ಸ್‌ರೇ ತನ್ನಿ ಎಂದಷ್ಟೇ ಸಲೀಸಾಗಿ ಹೇಳಿಬಿಟ್ಟರು.

ಹುಣಸೂರಿನಲ್ಲಿ ನರ್ಸಾಗಿರುವ ಮಗಳು ಆಗ ಈ ಯಂತ್ರ ತಂದುಕೊಟ್ಟಳು. ಬಟ್ಟೆ ಒಣಹಾಕುವ ಕ್ಲಿಪ್ಪಿನಷ್ಟೇ ಇದೆ. ಬೆರಳಿಗೆ ಹಾಕಿಕೊಂಡರೆ ಎದೆಬಡಿತದ ಲೆಕ್ಕ ಫೋನಿನ ಮೇಲೆ ದಪ್ಪ ಅಂಕಿಯಲ್ಲಿ ಮೂಡುತ್ತದೆ. ಉಸಿರನ್ನು ನಿಧಾನ ಮಾಡುತ್ತಾ ಹೋದರೆ ಅಂಕಿ ಇಳಿಯುತ್ತದೆ, ಪರದೆ ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಬಯೋಫೀಡ್‌ಬ್ಯಾಕ್ ಎಂದು ಅದರ ಹೆಸರು. ಇದು ಮಿದುಳಿಗೆ ತಾಲೀಮು ಎಂದು ಡಬ್ಬಿಯ ಮೇಲೆ ಬರೆದಿತ್ತು. "ಅಪ್ಪ, ದಿನಾ ಇಪ್ಪತ್ತು ನಿಮಿಷ ಮಾಡು. ಭಯ ತಾನಾಗೇ ಇಳೀತದೆ" ಎಂದು ಹೇಳಿ ಮಗಳು ಬಸ್ ಹತ್ತಿದಳು.

ಪುರಾಣದ ಋಷಿಗಳು ಮೈಮೇಲೆ ಹುತ್ತ ಬೆಳೆಯುವವರೆಗೂ ಕಣ್ಣು ಮುಚ್ಚಿ ಕೂತರಂತೆ. ಅವರಿಗೆ ಅದು ಸಾಧ್ಯವಾದದ್ದು ಬೆರಳಿಗೆ ಕ್ಲಿಪ್ಪು ಇಲ್ಲದಿದ್ದರಿಂದ ಎಂದೇ ನನ್ನ ವಾದ. ತಪಸ್ಸು ಎಷ್ಟು ಪರ್ಸೆಂಟ್ ಆಯಿತು ಎಂದು ಗಳಿಗೆಗೊಮ್ಮೆ ಇಣುಕಿ ನೋಡುವ ಸೌಲಭ್ಯ ಇದ್ದಿದ್ದರೆ ಇಂದ್ರ ಅಪ್ಸರೆಯರನ್ನು ಕಳಿಸುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ನನಗೋ ಇಣುಕುವುದೇ ಹುಟ್ಟುಗುಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಗೆಸೊಪ್ಪು ಬೇಯಿಸುವ ಮನೆಯನ್ನು ನಾವು ಬ್ಯಾರನ್ ಎನ್ನುತ್ತೇವೆ. ಒಳಗೆ ಸೊಪ್ಪು ತೂಗುಹಾಕಿ, ಹೊರಗಿನಿಂದ ಸೌದೆ ಉರಿಸಿ, ಐದಾರು ದಿನ ಹಗಲು ರಾತ್ರಿ ಶಾಖವನ್ನು ಮೆಲ್ಲಮೆಲ್ಲಗೆ ಏರಿಸಬೇಕು. ಬಾಗಿಲಿನ ಗಾಜಿನಲ್ಲಿ ಥರ್ಮಾಮೀಟರ್ ಕಾಣುತ್ತದೆ. ಅಂಕಿ ಇಳಿಯಿತೋ, ಸೊಪ್ಪು ಕೆಟ್ಟಿತು, ವರ್ಷದ ದುಡಿಮೆ ಹೋಯಿತು. ನಲವತ್ತು ವರ್ಷ ಆ ಗಾಜಿಗೆ ಮೂಗು ಒತ್ತಿಕೊಂಡು ನಿಂತ ದೇಹ ಇದು.

ಹಾಗಾಗಿ ಏನಾಯಿತು ಗೊತ್ತೆ? ಕ್ಲಿಪ್ಪು ಹಾಕಿ ಚಾಪೆಯ ಮೇಲೆ ಮಲಗಿ ಫೋನನ್ನೇ ನೋಡುತ್ತಿದ್ದೆ. ತೊಂಬತ್ತಾರು, ತೊಂಬತ್ತು, ಎಂಬತ್ನಾಲ್ಕು ಎಂದು ಅಂಕಿ ಇಳಿಯುತ್ತಿತ್ತು. ಅಷ್ಟರಲ್ಲಿ ನನ್ನೊಳಗಿನ ರೈತ 'ಅಯ್ಯೋ, ಉರಿ ಕಮ್ಮಿಯಾಯ್ತು!' ಎಂದು ಎದ್ದು ಕೂರುತ್ತಿದ್ದ. ಎದೆ ದಡಕ್ಕೆಂದು ಬಡಿದು ಅಂಕಿ ನೂರಕ್ಕೆ ಏರುತ್ತಿತ್ತು. ಅದು ಏರಿದ್ದು ಕಂಡು, ತಪ್ಪೆಂದು ಗೊತ್ತಿದ್ದರೂ, ಮನಸ್ಸಿಗೆ ಒಂಥರಾ ಸಮಾಧಾನ! ಗಣಿತದ ಮೇಷ್ಟ್ರಾಗಿ ಹದಿನೈದು ದಿನದ ಗ್ರಾಫು ಬರೆದೆ. ಥೇಟ್ ಬ್ಯಾರನ್ನಿನ ಶಾಖದ ಹಾಗೆ ಮೇಲೇರುತ್ತಾ ಹೋಗಿತ್ತು. ನೆಮ್ಮದಿ ಕಲಿಯಲು ಹೋಗಿ ಇದ್ದಷ್ಟನ್ನೂ ಕಳೆದುಕೊಂಡ ಶಿಷ್ಯನನ್ನು ಆ ಯಂತ್ರ ಮೊದಲ ಬಾರಿಗೆ ಕಂಡಿರಬೇಕು. ಮೂರನೆಯ ಸಲದ ತಾರೀಕು ಬೇರೆ ಹತ್ತಿರ ಬರುತ್ತಿತ್ತು. ಈ ಸಲವೂ ವಾಪಸು ಕಳಿಸಿದರೆ ಜನ್ಮದಲ್ಲಿ ಇನ್ನು ಸೊಪ್ಪು ಮುಟ್ಟುವಂತಿಲ್ಲ ಎಂದು ದಿಗಿಲಾಯಿತು.

ಅವರೆಕಾಯಿ ಸುಲಿಯುತ್ತಾ ಕೂತು ಜಯಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ದಿನ ಎದ್ದು ಬಂದು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅದೇನ್ ಅಂಗೆ ಕಣ್ ಬುಟ್ಕಂಡ್ ನೋಡ್ತೀರಿ? ಇಂಗ್ ಕೊಡಿ. ನೀವು ಮನಿಕ್ಕಳಿ, ನಾ ನೋಡ್ಕತೀನಿ."

ಈ ಮಾತು ನನಗೆ ಹೊಸದಲ್ಲ. ಬ್ಯಾರನ್ ಉರಿಯುವ ದಿನಗಳಲ್ಲಿ ನಾವಿಬ್ಬರೂ ಪಾಳಿಯ ಮೇಲೆ ಕಾಯುತ್ತಿದ್ದೆವು. ಅವಳ ಪಾಳಿ ಬಂದಾಗ ಹೇಳುತ್ತಿದ್ದದ್ದು ಇಷ್ಟೇ. ಅಷ್ಟು ಹೇಳಿದರೆ ಸಾಕು, ಸೌದೆ ರಾಶಿಗೆ ಒರಗಿದಲ್ಲೇ ನನಗೆ ನಿದ್ದೆ ಹತ್ತುತ್ತಿತ್ತು. ಬೇರೆ ಯಾರು ಕಾವಲಿದ್ದರೂ ನಾನು ಹತ್ತು ಸಲ ಎದ್ದು ನೋಡುತ್ತಿದ್ದೆ. ಅವಳಿದ್ದಾಗ ಒಂದು ಸಲವೂ ಎದ್ದದ್ದಿಲ್ಲ, ಒಂದು ಎಲೆಯೂ ಕೆಟ್ಟದ್ದಿಲ್ಲ. ಅವತ್ತೂ ಅಷ್ಟೇ ಆಯಿತು. ಕಣ್ಣು ಮುಚ್ಚಿದೆ. ಎಚ್ಚರವಾದಾಗ "ಅರವತ್ತೆಂಟು ಕಣ್ರೀ, ನೀಲಿ ಬಣ್ಣ ಬಂದು ಎಷ್ಟೊತ್ತಾಯ್ತು" ಎಂದಳು. ಇಂಥ ಹೆಂಡತಿ ನನಗಿದ್ದಾಳೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ.

ಮೂರನೆಯ ಸಲ ಮೈಸೂರಿನಲ್ಲಿ ಜಯಮ್ಮ ಆಪರೇಷನ್ ಕೋಣೆಯ ಬಾಗಿಲವರೆಗೂ ಬಂದಳು. ಅಲ್ಲಿಂದಾಚೆಗೆ ಅವಳನ್ನೂ ಬಿಡಲಿಲ್ಲ, ಕ್ಲಿಪ್ಪನ್ನೂ ಬಿಡಲಿಲ್ಲ. "ಓಗಿ ಮನಿಕ್ಕಳಿ, ನಾ ಇಲ್ಲೇ ನೋಡ್ಕತಿರ್ತೀನಿ" ಎಂದಳು. ಮುಚ್ಚಿದ ಬಾಗಿಲಿನಾಚೆ ನಿಂತು ಅವಳು ಏನನ್ನೂ ನೋಡಲಾರಳು ಎಂದು ಗಣಿತದ ಮೇಷ್ಟ್ರಿಗೆ ಗೊತ್ತಿತ್ತು. ಬಿ.ಪಿ.ಗೆ ಗೊತ್ತಿರಲಿಲ್ಲ. ಅದು ತೆಪ್ಪಗೆ ಮಲಗಿತು. ಈಗ ನಿಂಬೆ ನಿಂಬೆಯಾಗಿ, ಕಿತ್ತಳೆ ಕಿತ್ತಳೆಯಾಗಿ ಕಾಣುತ್ತಿದೆ. ಮತ್ತೆ ಸೊಪ್ಪು ವಿಂಗಡಿಸಲು ಕೂತ ಮೊದಲ ದಿನ ಊಟಕ್ಕೆ ಎದ್ದು ಹೋಗಿ, ಕದ್ದು ತಿರುಗಿ ನೋಡಿದೆ. ಜಯಮ್ಮ ನನ್ನ ರಾಶಿಯನ್ನು ಮುಟ್ಟಲಿಲ್ಲ.

ಅಂದಿನಿಂದ ನಾನು ಊರಿಗೆಲ್ಲ ನೆಮ್ಮದಿಯ ಗುರು. ಕ್ಲಿಪ್ಪು ಕೇಳಿಕೊಂಡು ಬರುವವರಿಗೆ ಒಂದು ಕಟ್ಟುನಿಟ್ಟಿನ ಶರತ್ತು ಹಾಕಿದ್ದೇನೆ. ಒಬ್ಬರೇ ಬಂದರೆ ಕೊಡುವುದಿಲ್ಲ, ಅಂಕಿ ನೋಡುವವರನ್ನು ಜೊತೆಗೆ ಕರೆತರಬೇಕು. ಮೊನ್ನೆ ಪಕ್ಕದ ಬೀದಿಯ ನಿಂಗೇಗೌಡ ಬಂದ. "ಮೇಷ್ಟ್ರೇ, ಬೆಳಗಾದ್ರೆ ಎದೆ ಡವಡವ ಅಂತದೆ. ಡಾಕ್ಟ್ರು ಏನೂ ಇಲ್ಲ ಬುಡು ಅಂತಾರೆ. ಆ ಕ್ಲಿಪ್ ಒಸಿ ಕೊಡಿ" ಎಂದ.

"ಜೊತೆಗೆ ಯಾರನ್ನಾದ್ರೂ ಕರ್ಕಂಡ್ ಬಾ, ಕೊಡ್ತೀನಿ" ಎಂದು ಗತ್ತಿನಿಂದ ಹೇಳಿದೆ.

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಯಾರ್ನ ಕರ್ಕಬರ್ಲಿ ಮೇಷ್ಟ್ರೇ?" ಎಂದ.

ಅವನ ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಕ್ಕಳಿಲ್ಲ. ನಾಲಿಗೆ ಕಚ್ಚಿಕೊಂಡೆ. ಅವನ ಕೈ ಹಿಡಿದು ಒಳಗೆ ಕರೆತಂದು, ಚಾಪೆ ಹಾಸಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದೆ. ನೂರಾ ನಾಲ್ಕು ತೋರಿಸಿತು. ಫೋನನ್ನು ಅವನಿಗೆ ಕಾಣದ ಹಾಗೆ ನನ್ನ ಕಡೆ ತಿರುಗಿಸಿಕೊಂಡೆ.

"ಮನಿಕ್ಕೊ ನಿಂಗಣ್ಣ, ನಾ ನೋಡ್ಕತೀನಿ."

ಕಾಫಿ ತಂದ ಜಯಮ್ಮ ಬಾಗಿಲಲ್ಲೇ ನಿಂತು ನೋಡಿ, ಲೋಟಗಳನ್ನು ಹಾಗೇ ವಾಪಸು ತೆಗೆದುಕೊಂಡು ಹೋದಳು. ನಿಂಗಣ್ಣ ಗೊರಕೆ ಹೊಡೆಯುತ್ತಿದ್ದ. ಅಂಕಿ ಎಪ್ಪತ್ತಕ್ಕೆ ಇಳಿದಿತ್ತು, ಇನ್ನೂ ಇಳಿಯುತ್ತಿತ್ತು. ನನಗೆ ಗಾಬರಿಯೇ ಆಗಲಿಲ್ಲ. ಕಾಲು ಜೋಮು ಹಿಡಿದರೂ ನಾನು ಅಲ್ಲಾಡದೆ ಕೂತಿದ್ದೆ. ಆಗ ನನ್ನ ಎದೆಯ ಅಂಕಿ ಎಷ್ಟಿತ್ತೋ ತಿಳಿಯದು. ಇರುವುದು ಒಂದೇ ಕ್ಲಿಪ್ಪು.