ಗಿರಿಜಾ ಓದಿದ್ದು, ನಾನು ಹೇಳಿದ್ದು

ಆ ಮಾತು ನನ್ನದಾಗಿರಲಿಲ್ಲ, ನನ್ನ ಹೆಂಡತಿ ಗಿರಿಜಾಳದು. ಅದನ್ನು ಕದ್ದೆ — ಆಮೇಲೆ ಎಲ್ಲರ ಮುಂದೆ ಅವಳನ್ನೇ ಕಳ್ಳಿ ಮಾಡಿದೆ. ವರ್ಷಗಳೇ ಆದವು.

ಕಾಕ್ಸ್‌ಟೌನಿನ ಶೀಲಾ ಮೇಡಂ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ನಮ್ಮ ಓದುಗರ ಗುಂಪು ಸೇರುತ್ತದೆ. ಓದುವುದು ಇಂಗ್ಲಿಷ್ ಕಾದಂಬರಿ. ಪಿಯುಸಿವರೆಗೂ ಕನ್ನಡದಲ್ಲೇ ಓದಿದವನು ನಾನು. ಪಾತ್ರಗಳ ಹೆಸರು ತಪ್ಪಿಲ್ಲದೆ ಹೇಳಲು ಗುರುವಾರದಿಂದಲೇ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಇನ್ನು ಪುಸ್ತಕ? ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ನಡುವಿನದಕ್ಕೆ ಫೋನಿನಲ್ಲಿ ಸಿಗುವ ವಿಮರ್ಶೆಗಳು — ಯಾರೋ ಮೆಚ್ಚಿದ್ದನ್ನು ನಾನೂ ಮೆಚ್ಚುತ್ತಿದ್ದೆ.

ಗದಗಿನ ಗಿರಿಜಾ ಹಾಗಲ್ಲ. ನಾನು ಪಕ್ಕಕ್ಕಿಟ್ಟ ಪುಸ್ತಕವನ್ನು ಜೋಗುಪಾಳ್ಯದ ನಮ್ಮ ಅಡುಗೆಮನೆಯಲ್ಲಿ, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಪೂರ್ತಿ ಓದುತ್ತಿದ್ದಳು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುತ್ತಿದ್ದಳು. ಬೇಸರ ಬಂದರೆ ಬೇಸರ. ಆ ತಿಂಗಳಿನದು ಹೆಂಡತಿಯನ್ನು ಕಳೆದುಕೊಂಡ ಮುದುಕನ ಕಥೆ. ವಿಮರ್ಶಕರೆಲ್ಲ ಕಣ್ಣೀರು ಹಾಕಿದ್ದರು. ಗಿರಿಜಾ ಪುಸ್ತಕ ಮುಚ್ಚಿ ಅಂದಳು:

"ಇಡೀ ಪುಸ್ತಕ ಹೇಂತಿ ಸತ್ಲು ಅಂತ ಅಳ್ತಾನ್ರೀ ಇಂವಾ. ಆಕಿಗೆ ಏನ್ ಸೇರ್ತಿತ್ತು ಅಂತ ಒಂದ್ ಸಾಲರೆ ಐತೇನು? ತನ್ನ ಸಲುವಾಗೇ ಅಳಾಕತ್ತಾನ."

ಮರುದಿನವೇ ಅದನ್ನು ಇಂಗ್ಲಿಷಿಗೆ ತಿರುಗಿಸಿ ಗುಂಪಿನ ವಾಟ್ಸಾಪಿಗೆ ಹಾಕಿದೆ — ನನ್ನ ಮಾತೆಂದು. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು. ನನಗೆ, ಮೊದಲ ಸಲ.

ಭಾನುವಾರ ಹೊರಡುವಾಗ ಅವಳೂ ಸೀರೆ ಉಟ್ಟು ನಿಂತಿದ್ದಳು. "ಉಳಿದವ್ರಿಗೆ ಏನ್ ಅನಿಸ್ತು ಕೇಳ್ಬೇಕ್ರಿ. ನಾ ಸುಮ್ಮ ಕುಂದರ್ತೀನಿ." ಬೇಡವೆನ್ನಲು ಬಿಸಿಲು ಅಂದೆ, ಆಟೋ ಸಿಗುವುದಿಲ್ಲ ಅಂದೆ — ಯಾವುದೂ ನಡೆಯಲಿಲ್ಲ.

ಅಲ್ಲಿ ಅವಳು ಸುಮ್ಮನೇ ಕೂತಿದ್ದಳು. ಶೀಲಾ ಮೇಡಮ್ಮೇ ಕೇಳಿದರು, "ನಿಮಗೇನನ್ನಿಸ್ತು, ಗಿರಿಜಾ?" ಅವಳು ಸೆರಗು ಸರಿಪಡಿಸಿಕೊಂಡು ಅದೇ ಮಾತನ್ನು ಹೇಳಿದಳು.

"ಅಯ್ಯೋ, ಇದು ನಿಮ್ಮೆಜಮಾನ್ರ ಪಾಯಿಂಟ್ ಅಲ್ವಾ! ಆಗ್ಲೇ ಗ್ರೂಪಲ್ಲಿ ಹಾಕಿದಾರೆ," ಎಂದು ಮೇಡಂ ನಕ್ಕು ನನ್ನತ್ತ ತಿರುಗಿದರು. "ಏನ್ರೀ, ಮನೇಲಿ ಚೆನ್ನಾಗೇ ಪಾಠ ಮಾಡಿದೀರ!"

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಸಲಿಗೆಯದೇ. ಗಿರಿಜಾ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

"ನಾನ್ ಹೇಳ್ತಾ ಇರ್ತೀನಲ್ಲ," ಅಂದೆ. "ಕಿವಿಗೆ ಬಿದ್ದಿರುತ್ತೆ."

ಅಷ್ಟೇ. ಅವಳು ತಟ್ಟೆಯಲ್ಲಿದ್ದ ಕೇಕನ್ನು ಬೆರಳಲ್ಲಿ ಪುಡಿ ಮಾಡುತ್ತ ಕೂತಳು. ದಾರಿಯಲ್ಲಿ ಬೈಯಲಿಲ್ಲ. ಬೈದಿದ್ದರೆ —

ಈಗಲೂ ಓದುತ್ತಾಳೆ. ಹೇಗಿದೆ ಎಂದು ಕೇಳಿದರೆ "ಛಲೋ ಐತ್ರಿ" ಅನ್ನುತ್ತಾಳೆ. ಎಂಥ ಕೆಟ್ಟ ಪುಸ್ತಕಕ್ಕೂ ಅಷ್ಟೇ. ಅವಳಿಗೆ ನಿಜವಾಗಿ ಏನನ್ನಿಸಿತೆಂದು ಅಂದಿನಿಂದ ನನಗೆ ಗೊತ್ತಾಗಿಲ್ಲ. ಪುಸ್ತಕಗಳ ಬಗ್ಗೆ ಮಾತ್ರವೇ? — ಅದನ್ನು ಯೋಚಿಸಲು ಹೆದರಿಕೆ.

ಮೊನ್ನೆ ಹೇಳಿದೆ: ಈ ಭಾನುವಾರ ಎಲ್ಲರ ಮುಂದೆ ನಿಜ ಒಪ್ಪಿಕೊಳ್ಳುತ್ತೇನೆ, ನೀನೂ ಬಾ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಹೇಳ್ರಿ. ಆಮ್ಯಾಲೆ ಎಲ್ಲಾರೂ, ಎಷ್ಟ್ ದೊಡ್ಡ ಮನಸ್ರೀ ನಿಮ್ದು, ಅಂತಾರ. ಅದನ್ನ ಕೇಳಾಕ ನಾ ಯಾಕ್ ಬರ್ಲಿ?"

ಅನ್ನುತ್ತಾರೆ. ನನಗೂ ಗೊತ್ತು — ಮತ್ತು ನಾಚಿಕೆಗೇಡಿನ ಮಾತೆಂದರೆ, ಅದನ್ನು ಆಗಲೇ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದೆ. ಆದರೂ ಹೋಗುತ್ತೇನೆ. ಹೇಳಿದ ಮೇಲೆ, ಯಾರೂ ಬಾಯಿ ತೆರೆಯುವ ಮೊದಲೇ, ಎದ್ದು ಬರುತ್ತೇನೆ.